ಪಟ್ಟಿಯಲ್ಲಿ ಒಂದೇ ಒಂದು ಸಲ ಜಹ್ರಾ

ಕುವೈತ್ ಫುಟ್‌ಬಾಲ್ ಲೀಗಿನ ವಿಜೇತರ ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ಓದಿ ನೋಡಿ. 1961–62ರಿಂದ ಶುರುವಾಗುವ ಪಟ್ಟಿ. ಅಲ್-ಅರಬಿ, ಅಲ್-ಕುವೈತ್, ಕಾದ್ಸಿಯಾ, ಮತ್ತೆ ಅಲ್-ಅರಬಿ, ಮತ್ತೆ ಕಾದ್ಸಿಯಾ. ಅದೇ ಮುಖಗಳು, ಅದೇ ಹೆಸರುಗಳು. ನಡುವೆ ಆಗೊಮ್ಮೆ ಕಾಜ್ಮಾ, ಈಗೊಮ್ಮೆ ಸಾಲ್ಮಿಯಾ ಇಣುಕುತ್ತವೆ. ಅರವತ್ತಕ್ಕೂ ಹೆಚ್ಚು ವರ್ಷಗಳ ಪಟ್ಟಿಯಲ್ಲಿ ಇಷ್ಟೇನಾ ಎಂದು ಪುಟ ಮುಚ್ಚಬೇಕು ಅನ್ನುವಷ್ಟರಲ್ಲಿ, ಅರೆ! ಒಂದೇ ಒಂದು ಸಾಲಿನಲ್ಲಿ ಹಿಂದೆಯೂ ಬರದ, ಮುಂದೆಯೂ ಬರದ ಒಂದು ಹೆಸರು: ಜಹ್ರಾ.

ಈಗ ಆ ಸಾಲಿನ ಪಕ್ಕದ ವರ್ಷ ನೋಡಿ. 1989–90.

ಗಲ್ಫಿನಲ್ಲಿ ದುಡಿದವರು ಯಾರಾದರೂ ಮನೆಯಲ್ಲಿದ್ದರೆ ಈ ಅಂಕಿ ಓದುತ್ತಲೇ ಅವರ ಹುಬ್ಬು ಮೇಲೇರುತ್ತದೆ. 1990ರ ಆಗಸ್ಟ್ 2ರ ನಸುಕಿನಲ್ಲಿ ಇರಾಕಿನ ಟ್ಯಾಂಕುಗಳು ಗಡಿ ದಾಟಿದವು. ಪಟ್ಟಿಯ ಮುಂದಿನ ಸಾಲು, 1990–91, ಖಾಲಿ. ಆ ವರ್ಷ ಲೀಗ್ ನಡೆಯಲೇ ಇಲ್ಲ. ಊರಂಚಿನ ಒಂದು ಕ್ಲಬ್ ಮೊದಲ ಸಲ ದೇಶದ ಚಾಂಪಿಯನ್ ಆಗುತ್ತದೆ, ಮುಂದಿನ ಋತುವಿಗೆ ಕಿರೀಟ ಉಳಿಸಿಕೊಳ್ಳಲು ಅಂಗಳಕ್ಕೆ ಇಳಿಯಬೇಕು, ಅಷ್ಟರಲ್ಲಿ ದೇಶವೇ ಇಲ್ಲ! ಜಗತ್ತಿನ ಯಾವ ಲೀಗಿನ ಪಟ್ಟಿಯಲ್ಲಿ ಇಂಥ ಎರಡು ಸಾಲುಗಳು ಒಂದರ ಕೆಳಗೊಂದು ಸಿಗುತ್ತವೆ ಹೇಳಿ?

ಇಷ್ಟು ತಿಳಿದ ಮೇಲೆ ಸುಮ್ಮನಿರುವುದು ಕಷ್ಟ. ದಾರ ಹಿಡಿದು ಎಳೆಯುತ್ತ ಹೋದರೆ ಅದು ಒಂದು ಫುಟ್‌ಬಾಲ್ ಕ್ಲಬ್ಬಿನಿಂದ ಹೊರಟು ಮಣ್ಣಿನ ಕೋಟೆಯೊಂದಕ್ಕೆ, ಸ್ಪೇನಿನ ವಿಶ್ವಕಪ್ಪಿಗೆ, ಅಲ್ಲಿಂದ ಮಂಗಳೂರು ಉಡುಪಿಯ ಮನೆಗಳಿಗೆ, ಕಡೆಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೂ ಬಂದು ಮುಟ್ಟುತ್ತದೆ.

ಮೊದಲು ಊರು. ಕುವೈತ್ ಇಡೀ ದೇಶವೇ ಪುಟ್ಟದು, 17,818 ಚದರ ಕಿಲೋಮೀಟರ್. ನಮ್ಮ ಬೆಳಗಾವಿ ಜಿಲ್ಲೆಗೆ ಹಾಸನ ಜಿಲ್ಲೆಯನ್ನು ಜೋಡಿಸಿದರೆ ಅದನ್ನು ಮೀರಿಬಿಡುತ್ತದೆ. ರಾಜಧಾನಿಯಿಂದ ಪಶ್ಚಿಮಕ್ಕೆ ಸುಮಾರು 32 ಕಿಲೋಮೀಟರ್ ಹೋದರೆ, ಕುವೈತ್ ಕೊಲ್ಲಿಯ ನೀರು ಮುಗಿದು ಮರಳು ಶುರುವಾಗುವ ಕಡೆ ಜಹ್ರಾ ಇದೆ. ಅದರ ಉತ್ತರಕ್ಕೆ ಮುತ್ಲಾ ದಿಬ್ಬ. ಎತ್ತರ ನೂರೈವತ್ತು ಮೀಟರ್ ಮೀರದು, ನಮ್ಮ ಚಾಮುಂಡಿ ಬೆಟ್ಟದ ಮುಂದೆ ಅದನ್ನು ದಿಬ್ಬ ಎನ್ನುವುದೂ ಜಾಸ್ತಿಯೇ. ಆದರೆ ಚಪ್ಪಟೆ ಕುವೈತಿನಲ್ಲಿ ಅದೇ ಪರ್ವತ! ಇರಾಕಿನ ಬಸ್ರಾದಿಂದ ಬರುವ ಹೆದ್ದಾರಿ ಆ ದಿಬ್ಬದ ಕಣಿವೆಯಲ್ಲಿ ತೂರಿ, ಜಹ್ರಾ ಮುಟ್ಟಿ, ಆಮೇಲೆ ರಾಜಧಾನಿಗೆ ಹೋಗುತ್ತದೆ. ಈ ರಸ್ತೆಯನ್ನು ನೆನಪಿನಲ್ಲಿಡಿ. ಈ ಕಥೆಯ ಅರ್ಧ ಭಾಗ ನಡೆಯುವುದು ಅದರ ಮೇಲೆಯೇ.

ಎಣ್ಣೆ ಸಿಗುವ ಮೊದಲು ಜಹ್ರಾದ ಸಂಪತ್ತು ನೀರು. ಕುವೈತ್ ಪಟ್ಟಣದವರು ಕುಡಿಯುವ ನೀರನ್ನು ಶತ್-ಅಲ್-ಅರಬ್ ನದಿಯಿಂದ ದೋಣಿಗಳಲ್ಲಿ ತುಂಬಿ ತರುತ್ತಿದ್ದ ಕಾಲದಲ್ಲಿ ಜಹ್ರಾದಲ್ಲಿ ಬಾವಿಗಳಿದ್ದವು, ಖರ್ಜೂರದ ತೋಟಗಳಿದ್ದವು, ಒಂಟೆ ಕುರಿಗಳಿಗೆ ಮೇವು ಬೆಳೆಯುವ ಹೊಲಗಳಿದ್ದವು. ಮರುಭೂಮಿಯಿಂದ ಬರುವ ಬದೂಯಿನ್ ಬುಡಕಟ್ಟುಗಳು ಇಲ್ಲಿ ಇಳಿಯುತ್ತಿದ್ದವು. ಸಮುದ್ರದ ಕಡೆಗೆ ಮುಖ ಮಾಡಿ ಕೂತ ಪಟ್ಟಣ ಕುವೈತ್. ಅದರ ದೋಣಿಗಳು ಮಲಬಾರಿನ ತೇಗದ ಮರದಿಂದ ಕಟ್ಟಿದವು, ಖರ್ಜೂರ ಹೇರಿಕೊಂಡು ಮುಂಬಯಿ, ಮಂಗಳೂರು, ಕಲ್ಲಿಕೋಟೆಗಳಿಗೆ ಬಂದು ಹೋಗುತ್ತಿದ್ದಂಥವು. ಜಹ್ರಾ ಮಾತ್ರ ಮರಳಿನ ಕಡೆಗೆ ಮುಖ ಮಾಡಿದ ಊರು. ಒಂದೇ ದೇಶ, ಎರಡು ಬೇರೆ ಬೇರೆ ಲೋಕ. ಪಟ್ಟಣದವರ ಕಣ್ಣಲ್ಲಿ ಜಹ್ರಾ ಎಂದರೆ ಊರಾಚೆ.

ಅಂಥ ಊರಾಚೆಯ ಊರೇ ಒಮ್ಮೆ ದೇಶವನ್ನು ಉಳಿಸಿತು! 1920ರ ಅಕ್ಟೋಬರ್ 10. ನಜ್ದ್ ಕಡೆಯಿಂದ, ಅಂದರೆ ಇಂದಿನ ಸೌದಿ ಅರೇಬಿಯಾದಿಂದ, ಫೈಸಲ್ ಅಲ್-ದುವೈಶ್ ಎಂಬ ಮುತೈರ್ ಬುಡಕಟ್ಟಿನ ಮುಖಂಡ ಇಖ್ವಾನ್ ಎಂಬ ಧಾರ್ಮಿಕ ಯೋಧರ ಪಡೆಯನ್ನು ಕಟ್ಟಿಕೊಂಡು ಜಹ್ರಾದ ಮೇಲೆ ಬಿದ್ದ. ಕುವೈತಿನ ದೊರೆ ಶೇಖ್ ಸಾಲಿಮ್ ಅಲ್-ಮುಬಾರಕ್ ತಾನೇ ತನ್ನ ಜನರೊಂದಿಗೆ ಅಲ್ಲಿನ ಕೆಂಪು ಕೋಟೆಯೊಳಗೆ ಸೇರಿಕೊಂಡ. ಕೋಟೆ ಎಂದರೆ ಚಿತ್ರದುರ್ಗವನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಮಣ್ಣಿನ ಇಟ್ಟಿಗೆಯ ಗೋಡೆ, ಮೂಲೆಗೊಂದರಂತೆ ನಾಲ್ಕು ಬುರುಜು, ಒಳಗೆ ಅಂಗಳಗಳ ಸುತ್ತ ಸಾಲು ಕೋಣೆಗಳು. ಗೋಡೆಯ ಮಣ್ಣು ಕೆಂಪಗಿದೆ, ಹಾಗಾಗಿ ಕೆಂಪು ಕೋಟೆ. ಒಳಗೆ ಕುಡಿಯುವ ನೀರಿಗೆ ಹಾಹಾಕಾರ. ನೀರಿಗೇ ಹೆಸರಾದ ಊರಿನಲ್ಲಿ ಬಾಯಾರಿದ ಸೈನ್ಯ! ರಾಜಧಾನಿಯಿಂದ ಸಮುದ್ರದ ಮೇಲೂ ನೆಲದ ಮೇಲೂ ನೆರವು ಬಂತು, ಮಾತುಕತೆ ನಡೆಯಿತು, ಇಖ್ವಾನ್ ಹಿಂದೆ ಸರಿದರು. ಆ ವರ್ಷವೇ ರಾಜಧಾನಿಯವರು ಅವಸರದಿಂದ ತಮ್ಮ ಊರಿನ ಸುತ್ತ ಮಣ್ಣಿನ ಗೋಡೆ ಎಬ್ಬಿಸಿಕೊಂಡಿದ್ದರು. 1957ರಲ್ಲಿ ಆ ಗೋಡೆಯನ್ನು ಕೆಡವಿದಾಗ ದ್ವಾರಗಳನ್ನು ಮಾತ್ರ ಉಳಿಸಿದರು. ಅದರಲ್ಲೊಂದು ಜಹ್ರಾ ಗೇಟ್. ಇವತ್ತು ಅದು ಶೆರಟನ್ ಹೋಟೆಲಿನ ಎದುರಿನ ವೃತ್ತದಲ್ಲಿ ನಿಂತಿದೆ. ಕುವೈತ್ ಸಿಟಿಯಲ್ಲಿ ಇದ್ದುಬಂದ ಕರಾವಳಿಯವರಲ್ಲಿ ಅದರ ಸುತ್ತ ಒಮ್ಮೆಯೂ ತಿರುಗದವರು ಸಿಗಲಾರರು.

ಇದೆಲ್ಲ ಫುಟ್‌ಬಾಲಿಗೆ ಏನು ಸಂಬಂಧ ಎಂದು ಕೇಳುವವರು ಸ್ವಲ್ಪ ತಾಳಿ. ಸಂಬಂಧ ಇದೆ, ಅದೂ ಎಂಥ ಸಂಬಂಧ!

1961ರ ಜೂನ್ 19ರಂದು ಕುವೈತ್ ಸ್ವತಂತ್ರವಾಯಿತು. ಅದೇ ವರ್ಷದವರೆಗೆ ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ, ಕೊನೆಯ ಎರಡು ವರ್ಷ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಅಚ್ಚು ಹಾಕಿದ ಬೇರೆ ಬಣ್ಣದ ನೋಟು. ಅದೇ ವರ್ಷ ದಿನಾರ್ ಬಂತು, ಅದೇ ವರ್ಷ ಲೀಗೂ ಬಂತು. ಎಣ್ಣೆಯ ದುಡ್ಡು ಹರಿಯತೊಡಗಿದ್ದೇ ತಡ, ಬಡಾವಣೆಗೊಂದು ಕ್ಲಬ್ ಹುಟ್ಟಿತು. ಅಲ್-ಅರಬಿ, ಕಾದ್ಸಿಯಾ, ಅಲ್-ಕುವೈತ್ ಮೂರೂ 1960ರಲ್ಲಿ ಶುರುವಾದವು. 1966ರಲ್ಲಿ ಜಹ್ರಾ ಸ್ಪೋರ್ಟಿಂಗ್ ಕ್ಲಬ್. ಇಂದು ಅದರ ಮನೆಯಂಗಳದ ಹೆಸರು ಮುಬಾರಕ್ ಅಲ್-ಅಯ್ಯಾರ್ ಕ್ರೀಡಾಂಗಣ.

ಇಂಗ್ಲೆಂಡಿನಲ್ಲಿ ಸಣ್ಣ ಊರಿನ ಕ್ಲಬ್ಬಿನ ಕಥೆ ಬೇರೆಯೇ ಥರ. ಅಲ್ಲಿ ಲೀಗಿನ ಕೆಳಗೆ ಲೀಗು, ಅದರ ಕೆಳಗೆ ಮತ್ತೊಂದು, ಮೆಟ್ಟಿಲ ಮೇಲೆ ಮೆಟ್ಟಿಲು. ದೊಡ್ಡ ಲೀಗುಗಳ ಹೊರಗಿರುವ ಕ್ಲಬ್ಬುಗಳಲ್ಲಿ ಆಡುವವರು ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು. 1989ರ ಜನವರಿ 7ರಂದು ಅಂಥದೊಂದು ಕ್ಲಬ್, ಸಟನ್ ಯುನೈಟೆಡ್, ಎರಡೇ ವರ್ಷದ ಹಿಂದೆ ಎಫ್‌ಎ ಕಪ್ ಗೆದ್ದಿದ್ದ ಕಾವೆಂಟ್ರಿ ಸಿಟಿಯನ್ನು 2–1ರಿಂದ ಮಣಿಸಿತು. ಇಂಗ್ಲಿಷರು ಅದನ್ನು ಇವತ್ತಿಗೂ ಹಾಡಿ ಹೊಗಳುತ್ತಾರೆ. ಹೊಗಳಲಿ, ಆಗಿದ್ದು ದೊಡ್ಡ ಮಾತೇ. ಆದರೆ ಅದು ಒಂದು ಮಧ್ಯಾಹ್ನದ ಪವಾಡ! ಸಟನ್ ಆ ವರ್ಷ ದೇಶದ ಚಾಂಪಿಯನ್ ಆಗಲಿಲ್ಲ, ಆಗುವ ದಾರಿಯೂ ಇರಲಿಲ್ಲ. ಕುವೈತಿನಲ್ಲಿ ಇರುವುದೇ ಹದಿನೈದರ ಆಸುಪಾಸಿನ ಕ್ಲಬ್ಬುಗಳು. ಹಾಗಾಗಿ ಜಹ್ರಾದಂಥ ಊರಂಚಿನ ಕ್ಲಬ್ ಕೂಡ ರಾಜಧಾನಿಯ ಘಟಾನುಘಟಿಗಳ ಎದುರು ವರ್ಷವಿಡೀ ಆಡಬೇಕು. ಒಂದು ಪಂದ್ಯದಲ್ಲಿ ಅದೃಷ್ಟ ಕೈಹಿಡಿದೀತು. ಇಡೀ ಋತುವಿನಲ್ಲಿ ಅದೃಷ್ಟವನ್ನೇ ನಂಬಿ ಕೂತವರು ಪಟ್ಟಿಯ ತಲೆಗೆ ಏರುವುದಿಲ್ಲ.

ಆ ಘಟಾನುಘಟಿಗಳು ಎಂಥವರು ಎನ್ನುವುದನ್ನು ತಿಳಿದರೆ ಮಾತ್ರ ಜಹ್ರಾದ ಗೆಲುವಿನ ತೂಕ ಗೊತ್ತಾಗುವುದು. 1970ರ ದಶಕದ ಕೊನೆ, 80ರ ದಶಕದ ಆರಂಭ ಕುವೈತ್ ಫುಟ್‌ಬಾಲಿನ ಸುವರ್ಣಕಾಲ. 1976ರಲ್ಲಿ ಏಷ್ಯನ್ ಕಪ್ ಫೈನಲ್ ಆಡಿ ಸೋತ ದೇಶ, 1980ರಲ್ಲಿ ತನ್ನದೇ ನೆಲದಲ್ಲಿ ದಕ್ಷಿಣ ಕೊರಿಯಾವನ್ನು 3–0 ಗೋಲುಗಳಿಂದ ಸೋಲಿಸಿ ಕಪ್ ಎತ್ತಿತು. ಏಷ್ಯನ್ ಕಪ್ ಗೆದ್ದ ಮೊದಲ ಅರಬ್ ದೇಶ. ತರಬೇತುದಾರ ಬ್ರೆಜಿಲಿನ ಕಾರ್ಲೋಸ್ ಆಲ್ಬರ್ಟೊ ಪರೇರಾ, ಮುಂದೆ 1994ರಲ್ಲಿ ಬ್ರೆಜಿಲಿಗೇ ವಿಶ್ವಕಪ್ ಗೆಲ್ಲಿಸಿಕೊಟ್ಟ ಅದೇ ಪರೇರಾ! 1982ರಲ್ಲಿ ಕುವೈತ್ ಸ್ಪೇನಿನ ವಿಶ್ವಕಪ್ಪಿಗೆ ಹೋಯಿತು. ಚೆಕೊಸ್ಲೊವಾಕಿಯಾ ಜೊತೆ 1–1 ಡ್ರಾ ಮಾಡಿಕೊಂಡಿತು, ಇಂಗ್ಲೆಂಡಿಗೆ ಬಿಟ್ಟುಕೊಟ್ಟದ್ದು ಒಂದೇ ಗೋಲು.

ಅದೇ ವಿಶ್ವಕಪ್ಪಿನ ಜೂನ್ 21ರ ಪಂದ್ಯವನ್ನು ಹೇಳದೆ ಮುಂದೆ ಹೋಗಲಾರೆ. ವಯಾದೊಲಿದ್ ಊರಿನಲ್ಲಿ ಫ್ರಾನ್ಸ್ ವಿರುದ್ಧ. ಕುವೈತ್ 3–1ರಿಂದ ಹಿಂದಿದೆ. ಪ್ರೇಕ್ಷಕರ ನಡುವಿನಿಂದ ಯಾರದೋ ಸೀಟಿ ಕೇಳಿಸುತ್ತದೆ. ರೆಫರಿಯದೇ ಸೀಟಿ ಎಂದುಕೊಂಡು ಕುವೈತಿನ ಆಟಗಾರರು ನಿಂತಲ್ಲೇ ನಿಂತುಬಿಡುತ್ತಾರೆ. ಫ್ರಾನ್ಸಿನ ಅಲೆನ್ ಜಿರೆಸ್ ನಿಲ್ಲುವುದಿಲ್ಲ, ಚೆಂಡನ್ನು ಗೂಡಿಗೆ ತಳ್ಳುತ್ತಾನೆ. ಗೋಲು! ಗದ್ದಲ. ಆಗ ಗ್ಯಾಲರಿಯಿಂದ ಉದ್ದ ನಿಲುವಂಗಿ ತೊಟ್ಟ, ತಲೆಗೆ ಕೆಂಪು ಬಿಳಿ ಚೌಕಳಿ ವಸ್ತ್ರ ಹೊದ್ದ ಒಬ್ಬರು ಇಳಿದು ನೇರ ಮೈದಾನಕ್ಕೆ ಬರುತ್ತಾರೆ. ಕುವೈತ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ, ಅಮೀರರ ತಮ್ಮ, ಶೇಖ್ ಫಹದ್ ಅಲ್-ಅಹ್ಮದ್. ಸೋವಿಯತ್ ರೆಫರಿ ಮಿರೋಸ್ಲಾವ್ ಸ್ತುಪಾರ್ ಕೊಟ್ಟ ಗೋಲನ್ನು ವಾಪಸು ತೆಗೆದುಕೊಂಡರು! ವಿಶ್ವಕಪ್ಪಿನಲ್ಲಿ, ಗ್ಯಾಲರಿಯಿಂದ ಇಳಿದು ಬಂದವರ ಮಾತಿಗೆ! ಫ್ರಾನ್ಸ್ ಆಮೇಲೆ ಮತ್ತೊಂದು ಗೋಲು ಹೊಡೆದು 4–1ರಿಂದ ಗೆದ್ದಿತು, ಆ ಮಾತು ಬೇರೆ. ಶೇಖ್ ಫಹದರ ಹೆಸರನ್ನೂ ನೆನಪಿಟ್ಟುಕೊಳ್ಳಿ, ರಸ್ತೆಯ ಜೊತೆಗೆ.

ಇಂಥ ದೇಶದ ಲೀಗಿನಲ್ಲಿ ಅಲ್-ಅರಬಿಯದು ಆನೆ ನಡೆದದ್ದೇ ದಾರಿ. 1979–80ರಿಂದ 1988–89ರವರೆಗಿನ ಹತ್ತು ಋತುಗಳಲ್ಲಿ ಏಳು ಪಟ್ಟ ಅದಕ್ಕೇ. ಎರಡು ಕಾಜ್ಮಾಕ್ಕೆ, ಒಂದು ಸಾಲ್ಮಿಯಾಕ್ಕೆ. 87–88, 88–89 ಸತತ ಎರಡು ವರ್ಷ ಅಲ್-ಅರಬಿ. ಮೂರನೆಯದನ್ನೂ ಅದೇ ಹೊತ್ತೊಯ್ಯುತ್ತದೆ ಎಂದು ದೀವಾನಿಯಾಗಳಲ್ಲಿ ಯಾರಾದರೂ ಬಾಜಿ ಕಟ್ಟಿದ್ದರೆ ತಪ್ಪು ಹೇಳುವಂತಿಲ್ಲ.

ದೀವಾನಿಯಾ ಅಂದರೆ ಗೊತ್ತಲ್ಲ? ಕುವೈತಿ ಮನೆಯ ಮುಂಭಾಗದಲ್ಲಿ ಗಂಡಸರು ಕೂಡುವ ಪಡಸಾಲೆ. ಗೋಡೆಗುಂಟ ಮೂರು ಕಡೆಯೂ ಒಂದೇ ಸಮನೆ ಹಾಸಿದ ದಿಂಬುಗಳು, ನಡುವೆ ಬರಿ ಜಮಖಾನ. ಬಂದವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಲಗಡೆಯಿಂದ ಶುರುಮಾಡಿ ಎಲ್ಲರ ಕೈಕುಲುಕುತ್ತಾ ಹೋಗಿ ಖಾಲಿ ಜಾಗದಲ್ಲಿ ಕೂರುತ್ತಾನೆ. ಏಲಕ್ಕಿ ಹಾಕಿದ ಕಹಿ ಗಾವಾ ಪುಟ್ಟ ಬಟ್ಟಲಲ್ಲಿ ಬರುತ್ತದೆ. ಸಾಕು ಅನ್ನಿಸಿದರೆ ಬಟ್ಟಲನ್ನು ಒಂಚೂರು ಅಲುಗಿಸಿ ಕೊಡಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಆಮೇಲೆ ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಸಿಹಿ ಚಹಾ. ಪಾರ್ಲಿಮೆಂಟು, ಮದುವೆ, ಒಂಟೆಯ ಬೆಲೆ, ಫುಟ್‌ಬಾಲು ಎಲ್ಲ ಚರ್ಚೆಯಾಗುವುದು ಇಲ್ಲೇ. ಜಹ್ರಾದಂಥ ಬುಡಕಟ್ಟು ಊರಿನಲ್ಲಿ ಕ್ಲಬ್ಬಿನ ಆಡಳಿತ ಮಂಡಳಿಯ ಚುನಾವಣೆಗೂ ದೀವಾನಿಯಾಗಳೇ ಅಖಾಡ. ಸದಸ್ಯರು ವೋಟು ಹಾಕಿ ಆರಿಸುವ ಮಂಡಳಿ ಅದು, ಹಾಗಾಗಿ ಯಾವ ಮನೆತನ ಯಾರ ಕಡೆ ಎಂಬ ಲೆಕ್ಕ ಗೋಲಿನ ಲೆಕ್ಕದಷ್ಟೇ ಬಿಸಿ.

ಇನ್ನು 1990. ಕೇಳಿ, ಆ ವರ್ಷದ ಮೊದಲರ್ಧ ಹೇಗಿತ್ತು ಎಂದು. ಫೆಬ್ರವರಿ–ಮಾರ್ಚಿನಲ್ಲಿ ಕುವೈತಿನಲ್ಲೇ ಗಲ್ಫ್ ಕಪ್. ಸೌದಿ ಅರೇಬಿಯಾ ಬರಲಿಲ್ಲ. ಕಾರಣ? ಪಂದ್ಯಾವಳಿಯ ಕುದುರೆ ಲಾಂಛನ 1920ರ ಜಹ್ರಾ ಕಾಳಗವನ್ನು ನೆನಪಿಸುತ್ತದೆ ಎಂಬ ತಕರಾರು! ಎಪ್ಪತ್ತು ವರ್ಷ ಹಿಂದಿನ ಮಣ್ಣಿನ ಕೋಟೆ ಎಲ್ಲಿ, ಫುಟ್‌ಬಾಲಿನ ಲಾಂಛನ ಎಲ್ಲಿ! ಓದಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಇರಾಕ್ ಬಂತು, ಆದರೆ ರೆಫರಿಗಳ ಮೇಲೆ ಸಿಟ್ಟಾಗಿ ನಡುವೆಯೇ ಎದ್ದು ಹೋಯಿತು. ಕಪ್ ಗೆದ್ದದ್ದು ಕುವೈತ್. ಅದೇ ಋತುವಿನಲ್ಲಿ ಲೀಗಿನ ಪಟ್ಟ ಜಹ್ರಾಕ್ಕೆ. ಕೆಂಪು ಕೋಟೆಯ ಹೆಸರು ನೆರೆಯ ದೇಶದ ಮುನಿಸಿಗೆ ಕಾರಣವಾದ ವರ್ಷವೇ ಕೆಂಪು ಕೋಟೆಯ ಊರು ಚಾಂಪಿಯನ್. ಕಾದಂಬರಿಕಾರ ಹೀಗೆ ಬರೆದರೆ ಸಂಪಾದಕರು ಇದು ಅತಿಯಾಯಿತು ಎಂದು ಹೊಡೆದು ಹಾಕಿಯಾರು.

ಜುಲೈ 8ರಂದು ರೋಮಿನಲ್ಲಿ ವಿಶ್ವಕಪ್ ಫೈನಲ್, ಪಶ್ಚಿಮ ಜರ್ಮನಿ ಅರ್ಜೆಂಟೀನಾವನ್ನು 1–0ರಿಂದ ಸೋಲಿಸಿತು. ಮರಡೋನಾ ಅತ್ತದ್ದನ್ನು ನಮ್ಮೂರಿನ ಕಪ್ಪು ಬಿಳುಪು ಟೀವಿಗಳ ಮುಂದೆ ಕೂತು ನೋಡಿದವರಿಗೆ ಆ ರಾತ್ರಿ ಮರೆತಿರಲಿಕ್ಕಿಲ್ಲ. ಅದಾಗಿ ಇಪ್ಪತ್ತೈದನೇ ದಿನ ಆಗಸ್ಟ್ 2, ಗುರುವಾರ.

ರಸ್ತೆ ನೆನಪಿದೆಯಲ್ಲ? ಸದ್ದಾಮ್ ಹುಸೇನರ ರಿಪಬ್ಲಿಕನ್ ಗಾರ್ಡ್ ಪಡೆಯ ಹಮ್ಮುರಾಬಿ ಡಿವಿಜನ್ ಬಂದದ್ದು ಅದರ ಮೇಲೆಯೇ. ಮುತ್ಲಾ ದಿಬ್ಬದಿಂದ ಇಳಿದರೆ ಎದುರಿಗೆ ಜಹ್ರಾ. ಊರಿನ ಪಶ್ಚಿಮಕ್ಕಿದ್ದ ಕುವೈತಿನ 35ನೇ ಕವಚ ದಳ, ಕರ್ನಲ್ ಸಾಲಿಂ ಅಲ್-ಸುರೂರ್ ನೇತೃತ್ವದಲ್ಲಿ, ಕೈಗೆ ಸಿಕ್ಕಷ್ಟು ಚೀಫ್ಟನ್ ಟ್ಯಾಂಕುಗಳನ್ನು ಹೊರಡಿಸಿಕೊಂಡು ಹೆದ್ದಾರಿಯ ಮೇಲ್ಸೇತುವೆಗಳ ಬಳಿ ಎದುರು ನಿಂತಿತು. ಸಾಲಾಗಿ ಬರುತ್ತಿದ್ದ ಇರಾಕಿ ಪಡೆ ಇಂಥದ್ದೊಂದು ಎದುರಾಗಬಹುದೆಂದು ಎಣಿಸಿಯೇ ಇರಲಿಲ್ಲ. ಚರಿತ್ರೆಯಲ್ಲಿ ಇದಕ್ಕೆ ಸೇತುವೆಗಳ ಕದನ ಎಂದೇ ಹೆಸರು. ಪಶ್ಚಿಮದಿಂದ ಮದೀನಾ ಡಿವಿಜನ್ ಕೂಡ ಬಂದು ಒತ್ತಿದಾಗ, ಗುಂಡು ಮದ್ದು ಮುಗಿಯುತ್ತ ಬಂದಾಗ, ದಳ ದಕ್ಷಿಣಕ್ಕೆ ಸರಿದು ಸೌದಿ ಗಡಿ ಸೇರಿತು. ಲೀಗ್ ಚಾಂಪಿಯನ್ನರ ಊರಿನ ಬಾಗಿಲಲ್ಲಿ ಆ ದಿನ ನಡೆದದ್ದು ಇದು.

ಅದೇ ದಿನ ರಾಜಧಾನಿಯ ದಸ್ಮಾನ್ ಅರಮನೆಯ ಬಳಿ ಹೋರಾಡುತ್ತ ಮಡಿದವರಲ್ಲಿ ಶೇಖ್ ಫಹದ್ ಅಲ್-ಅಹ್ಮದ್ ಒಬ್ಬರು. ಹೌದು, ವಯಾದೊಲಿದ್‌ನಲ್ಲಿ ಗ್ಯಾಲರಿ ಇಳಿದು ಬಂದ ಅದೇ ಫಹದ್. ಏಷ್ಯಾದ ಒಲಿಂಪಿಕ್ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ. ದೇಶದ ಫುಟ್‌ಬಾಲ್ ಒಂದೇ ದಿನದಲ್ಲಿ ತನ್ನ ಯಜಮಾನನನ್ನೂ ಮೈದಾನಗಳನ್ನೂ ಕಳೆದುಕೊಂಡಿತು.

ಇಲ್ಲಿ ಕಥೆ ನಮ್ಮ ಮನೆಯಂಗಳಕ್ಕೆ ಬರುತ್ತದೆ. ಆಗ ಕುವೈತಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಬಹುಪಾಲು ಮಲಯಾಳಿಗಳು, ಆದರೆ ದಕ್ಷಿಣ ಕನ್ನಡದ, ಭಟ್ಕಳದ, ಕಾಸರಗೋಡಿನ ಮನೆಮನೆಯಿಂದಲೂ ಹೋದವರಿದ್ದರು. ಕುಬ್ಬೂಸ್ ರೊಟ್ಟಿ ಸಿಗುವ ಬೇಕರಿಗಳ ಮುಂದೆ ಸಾಲು, ಬ್ಯಾಂಕಿನಲ್ಲಿ ಕೂಡಿಟ್ಟದ್ದೆಲ್ಲ ಒಂದೇ ರಾತ್ರಿಯಲ್ಲಿ ಕಾಗದದ ಚೂರು, ಊರಿಗೆ ಫೋನಿಲ್ಲ. ಮಂಗಳೂರಿನ ಮನೆಗಳಲ್ಲಿ ರೇಡಿಯೊಗೆ ಕಿವಿಗೊಟ್ಟು ಕೂತ ಹೆಂಗಸರ ಆ ತಿಂಗಳುಗಳನ್ನು ಕರಾವಳಿಯ ಯಾವ ಕುಟುಂಬದಲ್ಲಿ ಕೇಳಿದರೂ ಹೇಳುತ್ತಾರೆ. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೂ ಕುವೈತಿಗೂ ಹೋಗಿಬಂದರು. ಜೋರ್ಡನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ಅಕ್ಟೋಬರ್‌ವರೆಗೆ ಎಡೆಬಿಡದೆ ವಿಮಾನ ಹಾರಿಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಅಮ್ಮಾನ್ ತಲುಪಬೇಕಾದರೆ ಬಸ್ರಾ, ಬಾಗ್ದಾದ್ ದಾಟಬೇಕು. ಬಸ್ರಾಕ್ಕೆ ಹೋಗಬೇಕಾದರೆ? ಅದೇ ಹೆದ್ದಾರಿ! ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು, ನೀರಿನ ಕ್ಯಾನು ಕಾಲಡಿ ಇಟ್ಟುಕೊಂಡು ಬಸ್ಸಿನಲ್ಲಿ ಹೊರಟ ನಮ್ಮ ಜನ ಜಹ್ರಾದ ಮಗ್ಗುಲಿನಲ್ಲೇ ಹಾದು ಮುತ್ಲಾ ಏರಿದರು. ಕಿಟಕಿಯಾಚೆ ಇರುವುದು ಆ ವರ್ಷದ ಲೀಗ್ ಚಾಂಪಿಯನ್ನರ ಊರು ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿದ್ದೀತು! ಗೊತ್ತಿದ್ದರೂ ಆಗ ಅದು ಯಾರಿಗೆ ಬೇಕಿತ್ತು, ಬಿಡಿ.

ಆರು ತಿಂಗಳ ಬಳಿಕ ರಸ್ತೆ ದಿಕ್ಕು ಬದಲಿಸಿತು. 1991ರ ಫೆಬ್ರವರಿ 26ರ ಹೊತ್ತಿಗೆ, ಕುವೈತನ್ನು ಬಿಡಿಸಲು ಬಂದ ಅಮೆರಿಕ ಮತ್ತು ಮಿತ್ರಪಡೆಗಳ ಎದುರು ನಿಲ್ಲಲಾರದೆ, ಇರಾಕಿ ಪಡೆ ಸಿಕ್ಕ ಸಿಕ್ಕ ವಾಹನಗಳಲ್ಲಿ ಬಸ್ರಾದ ಕಡೆಗೆ ಓಡತೊಡಗಿತು. ಅಮೆರಿಕದ ವಿಮಾನಗಳು ಮೆರವಣಿಗೆಯ ತಲೆ ಬಾಲ ಎರಡನ್ನೂ ಬಡಿದು ದಾರಿ ಕಟ್ಟಿದವು. ನಡುವೆ ಸಿಕ್ಕಿಕೊಂಡ ವಾಹನಗಳು ಸಾವಿರಕ್ಕೂ ಹೆಚ್ಚು: ಟ್ಯಾಂಕು, ಲಾರಿ, ಬಸ್ಸು, ಕದ್ದು ತಂದ ಕಾರು, ಡಿಕ್ಕಿಗಳಲ್ಲಿ ಕುವೈತಿ ಮನೆಗಳಿಂದ ದೋಚಿದ ಸಾಮಾನು. ಮುತ್ಲಾ ದಿಬ್ಬದ ಆ ಸುಟ್ಟ ರಸ್ತೆಯ ಚಿತ್ರಗಳನ್ನು ಆಗ ಪತ್ರಿಕೆ ಓದುತ್ತಿದ್ದವರೆಲ್ಲ ನೋಡಿದ್ದಾರೆ. ಸಾವಿನ ಹೆದ್ದಾರಿ ಎಂದೇ ಅದು ಜಗತ್ತಿಗೆ ಪರಿಚಯ. ಚಿತ್ರದ ಅಡಿಬರಹದಲ್ಲಿ ಜಹ್ರಾ ಎಂಬ ಹೆಸರು ಎಷ್ಟೋ ಸಲ ಬಂದಿತ್ತು. ಲೀಗಿನ ಪಟ್ಟಿಯಲ್ಲೂ ಅದೇ ಹೆಸರಿದೆ ಎಂದು ಯಾರೂ ನಮಗೆ ಹೇಳಿರಲಿಲ್ಲ! ಸುದ್ದಿಯವರಿಗೆ ಊರು ಬೇಕಾಗುವುದು ಅದು ಉರಿಯುವಾಗ ಮಾತ್ರ ಎಂಬ ನನ್ನ ಹಳೆಯ ಸಿಟ್ಟಿಗೆ ಇಲ್ಲಿ ಇನ್ನಷ್ಟು ಗಾಳಿ ಸಿಕ್ಕಿತು.

ಇರಾಕಿ ಪಡೆ ಹೋಗುವಾಗ ಹೊತ್ತಿಸಿದ ಆರುನೂರಕ್ಕೂ ಹೆಚ್ಚು ಎಣ್ಣೆ ಬಾವಿಗಳಲ್ಲಿ ಕೊನೆಯದು ಆರಿದ್ದು 1991ರ ನವೆಂಬರಿನಲ್ಲಿ. ನಂಬಿದರೆ ನಂಬಿ, 1991–92ರ ಋತುವಿಗೇ ಲೀಗ್ ಮತ್ತೆ ಶುರು! ಪಟ್ಟ ಕಾದ್ಸಿಯಾಕ್ಕೆ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನ ಫುಟ್‌ಬಾಲಿಗೂ ಕುವೈತ್ ಅರ್ಹತೆ ಪಡೆದು ಹೋಯಿತು. ಜಹ್ರಾ ಮಾತ್ರ ಮತ್ತೆ ತುದಿ ಮುಟ್ಟಲಿಲ್ಲ. ಮುಂದೆ ಅಲ್-ಅರಬಿ, ಕಾಜ್ಮಾ, ಸಾಲ್ಮಿಯಾ, ಕಾದ್ಸಿಯಾ, ಅಲ್-ಕುವೈತ್ ಇವೇ ಸರದಿಯ ಮೇಲೆ ಗೆಲ್ಲುತ್ತ ಹೋದವು. ಜಹ್ರಾ ಮೊದಲ ದರ್ಜೆಗೂ ಎರಡನೇ ದರ್ಜೆಗೂ ನಡುವೆ ಓಡಾಡುವ ಕ್ಲಬ್ ಆಯಿತು. 2013–14ರಲ್ಲಿ ದರ್ಜೆಗಳನ್ನೇ ಕಿತ್ತು ಎಲ್ಲ ಕ್ಲಬ್ಬುಗಳನ್ನೂ ಒಂದೇ ಲೀಗಿಗೆ ಹಾಕಿದರು, ಕೆಲವು ವರ್ಷ ಬಿಟ್ಟು ಮತ್ತೆ ಎರಡು ಮಾಡಿದರು. ಸರಕಾರ ಕ್ರೀಡಾಸಂಸ್ಥೆಗಳ ಆಡಳಿತದಲ್ಲಿ ಕೈಹಾಕುತ್ತದೆ ಎಂದು ಫಿಫಾ 2015ರ ಅಕ್ಟೋಬರಿನಲ್ಲಿ ಕುವೈತನ್ನು ಹೊರಗಿಟ್ಟಿತು. ಹೊಸ ಕಾನೂನು ಬಂದು 2017ರ ಡಿಸೆಂಬರಿನಲ್ಲಷ್ಟೇ ಬಾಗಿಲು ತೆರೆಯಿತು. ವಿಶ್ವಕಪ್ ಆಡಿದ ದೇಶ ಎರಡು ವರ್ಷ ಅಂತರರಾಷ್ಟ್ರೀಯ ಪಂದ್ಯವನ್ನೇ ಆಡಲಿಲ್ಲ. ಆ ಪೀಳಿಗೆಯ ಹುಡುಗರ ಪಾಲಿಗೆ ಇದು ಯುದ್ಧಕ್ಕಿಂತ ಸಣ್ಣ ನಷ್ಟವೇನಲ್ಲ ಎಂದು ನನಗನ್ನಿಸುತ್ತದೆ. ಯುದ್ಧದ ಮರುವರ್ಷವಾದರೂ ಆಟ ಇತ್ತು.

ಅಂದ ಹಾಗೆ, ಅಲ್ಲಿ ಆಡುವುದೆಂದರೆ ಸುಮ್ಮನೆ ಅಲ್ಲ. 2016ರ ಜುಲೈ 21ರಂದು ವಾಯವ್ಯ ಕುವೈತಿನ ಮಿತ್ರಿಬಾದಲ್ಲಿ ದಾಖಲಾದ ತಾಪಮಾನ 53.9 ಡಿಗ್ರಿ ಸೆಲ್ಸಿಯಸ್. ಏಷ್ಯಾದ ಅತಿ ಹೆಚ್ಚಿನದೆಂದು ವಿಶ್ವ ಹವಾಮಾನ ಸಂಸ್ಥೆಯೇ ಒಪ್ಪಿದ ಅಂಕಿ! ಆ ಮರುಭೂಮಿಯೆಲ್ಲ ಜಹ್ರಾ ಪ್ರಾಂತ್ಯಕ್ಕೇ ಸೇರಿದ್ದು, ದೇಶದ ಅರ್ಧಕ್ಕೂ ಹೆಚ್ಚು ನೆಲ ಈ ಒಂದು ಪ್ರಾಂತ್ಯದಲ್ಲಿದೆ. ಬೇಸಿಗೆಯಲ್ಲಿ ಚೆಂಡು ಮುಟ್ಟುವ ಮಾತೇ ಇಲ್ಲ. ಲೀಗ್ ನಡೆಯುವುದು ಬಿಸಿಲು ಇಳಿದ ತಿಂಗಳುಗಳಲ್ಲಿ, ಅದೂ ಹೊತ್ತು ಮುಳುಗಿದ ಮೇಲೆ, ದೀಪದ ಬೆಳಕಿನಲ್ಲಿ.

ನಮಗೂ ಊರ ಕ್ಲಬ್ಬುಗಳ ಚರಿತ್ರೆ ಏನು ಕಡಿಮೆ ಇಲ್ಲ. ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ಮುಂಬಯಿಗೆ ಹೋಗಿ ಬ್ರಿಟಿಷ್ ಪಲ್ಟನ್ನುಗಳ ಪಾಲಾಗುತ್ತಿದ್ದ ರೋವರ್ಸ್ ಕಪ್ಪನ್ನು ಗೆದ್ದುಕೊಂಡು ಬಂತು. ಮರುವರ್ಷ ಮತ್ತೆ ಗೆದ್ದಿತು. ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯನ್ನು ಮೈಸೂರು 1968–69ರಲ್ಲಿ ಗೆದ್ದದ್ದೇ ಕೊನೆ. ಆಮೇಲೆ ಕರ್ನಾಟಕದ ಕೈಗೆ ಅದು ಬಂದದ್ದು 2023ರ ಮಾರ್ಚ್ 4ರಂದು. ಎಲ್ಲಿ ಗೊತ್ತೇ? ಸೌದಿಯ ರಿಯಾದ್‌ನಲ್ಲಿ! ಮೇಘಾಲಯವನ್ನು 3–2ರಿಂದ ಸೋಲಿಸಿ.

ನಾಲ್ಕೇ ತಿಂಗಳಲ್ಲಿ, ಜುಲೈ 4ರಂದು, ಗಲ್ಫ್ ನಮ್ಮ ಅಂಗಳಕ್ಕೇ ಬಂತು. ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ಪಿಗೆ ಅತಿಥಿ ತಂಡವಾಗಿ ಬಂದ ಕುವೈತ್, ಕಂಠೀರವದ ಫೈನಲಿನಲ್ಲಿ ಭಾರತದ ಎದುರು. ಹದಿನಾಲ್ಕನೇ ನಿಮಿಷದಲ್ಲಿ ಶಬೀಬ್ ಅಲ್-ಖಾಲ್ದಿ ಗೋಲು ಹೊಡೆದಾಗ ತುಂಬಿದ ಗ್ಯಾಲರಿಗೆ ಗರ ಬಡಿದಂತಾಯಿತು. ಲಾಲಿಯನ್‌ಜುವಾಲ ಛಾಂಗ್ಟೆ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲೂ 1–1. ಪೆನಾಲ್ಟಿಯಲ್ಲಿ ಐದೈದು ಒದೆತ ಮುಗಿದರೂ ಸಮ. ಆರನೆಯದರಲ್ಲಿ ಕುವೈತ್ ನಾಯಕ ಖಾಲಿದ್ ಹಾಜಿಯಾ ಒದ್ದ ಚೆಂಡನ್ನು ಗುರುಪ್ರೀತ್ ಸಿಂಗ್ ಸಂಧು ತಡೆದರು, ಭಾರತ 5–4! ಅದೇ ವರ್ಷದ ನವೆಂಬರ್ 16ರಂದು ಭಾರತ ಕುವೈತಿಗೇ ಹೋಗಿ ಮನ್‌ವೀರ್ ಸಿಂಗ್ ಗೋಲಿನಿಂದ 1–0 ಗೆದ್ದಾಗ ಅಲ್ಲಿನ ಜಾಬಿರ್ ಕ್ರೀಡಾಂಗಣದಲ್ಲಿ ನೀಲಿ ಅಂಗಿಗಳದೇ ಸಮುದ್ರ. ಸುನಿಲ್ ಛೆತ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ವಿದಾಯವೆಂದು ಆಡಿದ ಪಂದ್ಯದಲ್ಲೂ ಎದುರಾಳಿ ಕುವೈತೇ, 0–0. ಇಷ್ಟು ಸಲ ಮುಖಾಮುಖಿಯಾದ ದೇಶದ ಲೀಗಿನ ಬಗ್ಗೆ ನಮಗೆ ಎರಡು ಕ್ಲಬ್ಬಿನ ಹೆಸರು ಕೂಡ ಗೊತ್ತಿರುವುದಿಲ್ಲ. ಕುವೈತಿನಲ್ಲಿ ಕನ್ನಡ ಕೂಟ ಇದೆ, ತುಳು ಕೂಟ ಇದೆ, ಶುಕ್ರವಾರ ಶುಕ್ರವಾರ ಬಾಡಿಗೆ ಮೈದಾನದಲ್ಲಿ ಚೆಂಡಾಡುವ ನಮ್ಮ ಹುಡುಗರೂ ಇದ್ದಾರೆ. ಅವರಿಗೊಂದು ಮಾತು: ಅಕ್ಟೋಬರ್ ಕಳೆದು ಚಳಿ ಹಿಡಿಯುತ್ತಿದ್ದಂತೆ ಒಂದು ಸಂಜೆ ಜಹ್ರಾಕ್ಕೆ ಹೊರಡಿ. ಹಗಲಿರುವಾಗಲೇ ಕೆಂಪು ಕೋಟೆ ನೋಡಿಕೊಂಡು, ಹೊತ್ತು ಮುಳುಗಿದ ಮೇಲೆ ಮುಬಾರಕ್ ಅಲ್-ಅಯ್ಯಾರ್ ಅಂಗಳದಲ್ಲಿ ಒಂದು ಪಂದ್ಯ ನೋಡಿ ಬನ್ನಿ. ಎದುರಾಳಿ ಅಲ್-ಅರಬಿಯಾಗಿದ್ದರೆ ಇನ್ನೂ ಒಳ್ಳೆಯದು.